ಎರಡನೇ ಸಲ ಕೇಳಿದ ಪ್ರಶ್ನೆ

ಮೂರ್ನಾಡು
12 ಜೂನ್ 2025

ಮುತ್ತಮ್ಮ ಟೀಚರ್‌ಗೆ ನಮಸ್ಕಾರ.

ನಾನು ಲಿಖಿತಾ. ಸಿದ್ದಾಪುರದ ಹತ್ತಿರ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಧರ್ಮೇಂದ್ರ ಅವರ ಮಗಳು. ಎರಡನೇ ಕ್ಲಾಸಿನಲ್ಲಿ ನಿಮ್ಮ ವಿದ್ಯಾರ್ಥಿನಿ. ಇಷ್ಟು ಗುರುತು ಸಾಕಲ್ಲವೇ? ನನ್ನಿಂದಾಗಿ ಒಂದು ಕೇಸು ನಡೆದು, ನಮ್ಮನ್ನು ಶಾಲೆಗೆ ಕರೆದುಕೊಂಡು ಬರುತ್ತಿದ್ದ ಜೀಪಿನ ಡ್ರೈವರ್ ಸಣ್ಣಸ್ವಾಮಿಗೆ ಜೀವಾವಧಿ ಶಿಕ್ಷೆಯಾದದ್ದನ್ನು ನೀವು ಮರೆತಿರಲಾರಿರಿ. ಫೋನ್ ಮಾಡೋಣವೆಂದರೆ ನಿಮಗೀಗ ಕಿವಿ ಕೇಳುವುದಿಲ್ಲವಂತೆ. ಅದಕ್ಕೇ ಈ ಕಾಗದ.

ಕಳೆದ ತಿಂಗಳು ನನಗೆ ಹದಿನೆಂಟು ತುಂಬಿತು. ಅದಾಗಿ ಮೂರನೇ ದಿನ ಕಾಲೇಜಿನ ಗೇಟಿನ ಹತ್ತಿರ ಒಬ್ಬ ಹೆಂಗಸು ನಿಂತಿದ್ದರು. ಸಣ್ಣಸ್ವಾಮಿಯ ಅಕ್ಕ ಹುಚ್ಚಮ್ಮ, ಶಿರಂಗಾಲದವರು. ಬೈಯುತ್ತಾರೆ ಅಂದುಕೊಂಡೆ, ಕೈಯಲ್ಲಿದ್ದ ಪುಸ್ತಕವನ್ನು ಎದೆಗೆ ಒತ್ತಿ ಹಿಡಿದೆ. ಅವರು ಬೈಯಲಿಲ್ಲ. "ಹೈಕೋರ್ಟ್ನಾಗೆ ಅಪೀಲು ಸೆಪ್ಟೆಂಬರ್‌ಗೆ ಬತ್ತದೆ ಕಣವ್ವ. ನಾನೇನೂ ಕೇಳಾಕಿಲ್ಲ. ಆ ಜೀಪಿನ ಶೆಡ್ ಒಂದ್ಸಲ ನೋಡ್ಕಂಡು ಬಾ" ಎಂದರು. ಅಷ್ಟೇ. ಕುಶಾಲನಗರದ ಬಸ್ ಬಂತು, ಹತ್ತಿ ಹೋದರು.

ನನಗೆ ಆ ಮಧ್ಯಾಹ್ನ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ, ಟೀಚರ್. ಜುಲೈ ತಿಂಗಳು, ಹೊರಗೆ ಮಳೆ. ಶೆಡ್ಡಿನೊಳಗೆ ಮಬ್ಬು ಬೆಳಕು. ಗೋಡೆಯ ಮೇಲೆ ಕೊಂಬಿರುವ ಒಂದು ಪ್ರಾಣಿಯ ತಲೆ. ಅದಕ್ಕೆ ಒಂದೇ ಕಣ್ಣು, ಆ ಕಣ್ಣು ಮೇಲಿನಿಂದ ನನ್ನನ್ನೇ ನೋಡುತ್ತದೆ. ಎಲ್ಲೋ ಗಡಿಯಾರ ಟಿಕ್ ಟಿಕ್ ಅನ್ನುತ್ತದೆ. ಆಮೇಲೆ ಸಣ್ಣಸ್ವಾಮಿಯ ಮುಖ. ಕೋರ್ಟಿನಲ್ಲೂ ಇದನ್ನೇ ಹೇಳಿದೆ. ಪೊಲೀಸರಿಗೆ ಆ ತಲೆ ಸಿಗಲಿಲ್ಲ, ಗೋಡೆಯಲ್ಲಿ ಒಂದು ಮೊಳೆ ಸಿಕ್ಕಿತು. ತಲೆಯನ್ನು ಅವನೇ ಸಾಗಹಾಕಿದ ಎಂದಾಯಿತು. ಅವನು ಅದನ್ನಿಟ್ಟುಕೊಂಡು ಮಾಟ ಮಾಡುತ್ತಿದ್ದ ಎಂದು ಎಸ್ಟೇಟಿನ ಲೈನ್ ಮನೆಗಳಲ್ಲಿ ಮಾತಾಡಿಕೊಂಡರು.

ಮೊನ್ನೆ ಭಾನುವಾರ ಹೋಗಿ ಆ ಶೆಡ್ಡಿನೊಳಗೆ ನಿಂತೆ. ಮೇಲೆ ಜಿಂಕ್ ಶೀಟು. ಅಷ್ಟರಲ್ಲಿ ಮಳೆ ಹೊಡೆಯಿತು ನೋಡಿ, ನನ್ನ ಕೈಯಲ್ಲೇ ಇದ್ದ ಫೋನ್ ರಿಂಗಾದದ್ದು ನನಗೆ ಕೇಳಲಿಲ್ಲ. ಆ ಸದ್ದಿನಲ್ಲಿ ಗಡಿಯಾರ ಹೇಗೆ ಕೇಳಿಸಿತು? ಮೊಳೆ ಇನ್ನೂ ಇದೆ. ಅದು ನನ್ನ ಸೊಂಟದ ಎತ್ತರಕ್ಕಿದೆ, ಜೀಪಿನ ಕೀಲಿ ಸಿಕ್ಕಿಸುವ ಮೊಳೆ. ಅಲ್ಲಿ ತಲೆ ತೂಗುಹಾಕಿದ್ದರೆ ಅದು ಮೇಲಿನಿಂದ ನನ್ನನ್ನು ನೋಡುತ್ತಿರಲಿಲ್ಲ.

ನನ್ನ ಕಾಲಿಗೆ ಹತ್ತಿದ್ದ ಜಿಗಣೆ ತೆಗೆಯಲು ಜೀಪ್ ನಿಲ್ಲಿಸಿದ್ದು, ಉಪ್ಪು ಶೆಡ್ಡಿನಲ್ಲಿತ್ತು ಎಂದು ಸಣ್ಣಸ್ವಾಮಿ ಮೊದಲಿನಿಂದಲೂ ಹೇಳಿದ. ಅವನ ವಕೀಲರು ನನ್ನನ್ನು ಕೇಳಿದರು, ಜಿಗಣೆ ಇತ್ತಾ ಮಗೂ? ಇರಲಿಲ್ಲ ಎಂದೆ. ಈಗಲೂ ಹುಡುಕುತ್ತೇನೆ, ನನ್ನ ನೆನಪಿನಲ್ಲಿ ಎಲ್ಲೂ ಜಿಗಣೆ ಇಲ್ಲ.

ಪೊಲೀಸರಿಗೆ ಹೇಳುವ ಮೊದಲು ಆರು ಸಂಜೆ ನೀವು ನನ್ನನ್ನು ನಿಮ್ಮ ಮನೆಯಲ್ಲಿ ಕೂರಿಸಿಕೊಂಡು ಕೇಳಿದಿರಂತೆ. ನನಗೆ ಉತ್ತರಗಳೆಲ್ಲ ನೆನಪಿವೆ. ಪ್ರಶ್ನೆ ಒಂದೂ ನೆನಪಿಲ್ಲ. ನೀವು ಏನು ಕೇಳಿದಿರಿ, ಟೀಚರ್?

ನಿಮ್ಮ ವಿದ್ಯಾರ್ಥಿನಿ,
ಲಿಖಿತಾ

*

ಸಿದ್ದಾಪುರ
27 ಜೂನ್ 2025

ಪ್ರೀತಿಯ ಲಿಖಿತಾ,

ನಿನ್ನ ಅಕ್ಷರ ಈಗಲೂ ಕೋಳಿ ಕೆದಕಿದ ಹಾಗಿದೆ. ಕಾಲೇಜಿನಲ್ಲಿ ಅದನ್ನೇ ನೋಡಿ ಮಾರ್ಕ್ಸ್ ಕೊಡುತ್ತಾರಾ? ಕಾಪಿ ಬರೆಸಲಿಲ್ಲವೆಂದು ನನ್ನ ಮೇಲೆ ದೂರು ಬಂದೀತು.

ನಿನ್ನ ಕಾಗದ ನೋಡಿ ಸಂತೋಷವೂ ಆಯಿತು, ಸಂಕಟವೂ ಆಯಿತು. ಮಗೂ, ಕೋರ್ಟು ಎಲ್ಲವನ್ನೂ ಕೇಳಿ ತೀರ್ಮಾನ ಮಾಡಿದೆ. ಅವನ ಕಡೆಯವರು ಗೇಟಿನ ಹತ್ತಿರ ನಿಂತು ನಿನ್ನ ತಲೆ ಕೆಡಿಸುತ್ತಿದ್ದಾರೆ. ಇನ್ನೊಂದು ಸಲ ಬಂದರೆ ಅಮ್ಮನಿಗೆ ಹೇಳು. ನಾನು ಯಾವ ಟೀಚರಾದರೂ ಕೇಳುವುದನ್ನೇ ಕೇಳಿದೆ, ಏನಾಯಿತು ಮಗೂ ಎಂದು. ನೀನಾಗಿ ಹೇಳಿದೆ. ಆ ವಯಸ್ಸಿಗೆ ಎಂಥ ಧೈರ್ಯ ನಿನ್ನದು! ಕೋರ್ಟಿನಲ್ಲೂ ಅದನ್ನೇ ಹೇಳಿದ್ದೇನೆ. ನಾನು ಏನೂ ಬರೆದಿಟ್ಟುಕೊಂಡಿಲ್ಲ, ಈಗ ಹುಡುಕಿ ಹೇಳೋಣವೆಂದರೆ.

ಹನ್ನೊಂದು ವರ್ಷವಾಯಿತು. ಆಗ ಆ ಶೆಡ್ಡಿಗೆ ಹೆಂಚು ಇದ್ದಿರಬಹುದು. ಆ ಗಡಿಯಾರದ ಯೋಚನೆಯನ್ನೂ ಬಿಟ್ಟುಬಿಡು. ಅದು ನಮ್ಮ ಯಜಮಾನರು ಸೋಮಯ್ಯ ತೀರಿಕೊಂಡ ವರ್ಷವೇ ನಿಂತುಹೋಯಿತು. ಕೀಲಿ ಕೊಡುವವರಿಲ್ಲ.

ಇಲ್ಲಿ ಮಳೆ ಜೋರು. ಕರೆಂಟು ಹೋಗಿ ನಾಲ್ಕು ದಿನ. ಕಿವಿ ಕೇಳದಿರುವುದರಿಂದ ಒಂದು ಉಪಕಾರವಾಗಿದೆ, ಮಳೆಗಾಲ ನನಗೀಗ ಸದ್ದಿಲ್ಲದ ಕಾಲ. ಚೆನ್ನಾಗಿ ಓದು.

ಆಶೀರ್ವಾದಗಳೊಂದಿಗೆ,
ಮುತ್ತಮ್ಮ

*

ಮೂರ್ನಾಡು
9 ಜುಲೈ 2025

ಟೀಚರ್,

ನಾನು ಬರೆದದ್ದು ಶೆಡ್ಡಿನ ಗಡಿಯಾರದ ಬಗ್ಗೆ. ನೀವು ಉತ್ತರ ಕೊಟ್ಟದ್ದು ನಿಮ್ಮ ಮನೆಯ ಗಡಿಯಾರದ ಬಗ್ಗೆ. ನಿಮ್ಮ ಮನೆಯಲ್ಲಿ ಗಡಿಯಾರವಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಆ ಸಾಲನ್ನು ಓದಿದ ಮೇಲೆ ಕಾಗದವನ್ನು ಮಡಚಿ ಅಕ್ಕಿ ಡಬ್ಬದ ಹಿಂದೆ ಇಟ್ಟೆ. ಅದು ನನ್ನ ಟೇಬಲ್ಲಿನ ಮೇಲಿರುವುದು ನನಗೆ ಬೇಡವಾಗಿತ್ತು.

ಶೆಡ್ಡಿಗೆ ಎಂದೂ ಹೆಂಚು ಇರಲಿಲ್ಲ. ಅದನ್ನು ಕಟ್ಟಿಸಿ ಜಿಂಕ್ ಶೀಟು ಹೊದಿಸಿದ್ದು ಅಪ್ಪನೇ, ನಾನು ಎರಡು ವರ್ಷದವಳಿದ್ದಾಗ.

ಅಮ್ಮನನ್ನು ಕೇಳಿದೆ. "ಅದೆಲ್ಲ ಮುಗಿದ ಕತೆ. ಈಗ ಎಂತಕೆ ಕೆದಕುದು ನೀನು?" ಎಂದಳು. ಪಾತ್ರೆ ತೊಳೆಯುತ್ತಿದ್ದವಳು ತೊಳೆದದ್ದನ್ನೇ ಮತ್ತೆ ತೊಳೆದಳು. ಆಮೇಲೆ ತಾನಾಗಿಯೇ ಹೇಳಿದಳು. ಆ ದಿನ ನನ್ನ ಸಾಕ್ಸಿಗೂ ಲಂಗದ ಅಂಚಿಗೂ ರಕ್ತ ಆಗಿತ್ತಂತೆ. ನಾನು ಅಳುತ್ತಾ ಬಂದೆನಂತೆ, ನಾಳೆಯಿಂದ ಜೀಪಿನಲ್ಲಿ ಹೋಗುವುದಿಲ್ಲ ಎಂದೆನಂತೆ. ತನಗೆ ಕೇಳಲು ಬಾರದೆಂದು ನಿಮ್ಮ ಹತ್ತಿರ ಕರೆತಂದಳಂತೆ. "ಮಕ್ಕಳ ಹತ್ರ ಮಾತಾಡ್ಸುದು ಟೀಚರಿಗೆ ಗೊತ್ತಿರ್ತದೆ ಅಂತ" ಎಂದಳು. ಡಾಕ್ಟರು ಏನನ್ನೂ ಖಚಿತವಾಗಿ ಹೇಳಲಾಗದು ಎಂದು ಬರೆದರಂತೆ. ಜೀಪಿನಲ್ಲಿದ್ದ ಬೇರೆ ಮಕ್ಕಳನ್ನು ಅವರ ಮನೆಯವರು ಕೋರ್ಟಿಗೆ ಕಳಿಸಲಿಲ್ಲವಂತೆ. ಹಾಗಾದರೆ ಇದ್ದದ್ದು ನನ್ನ ಮಾತೊಂದೇ.

ನಿಮ್ಮ ಕ್ಲಾಸಿನ ಒಂದು ವಿಷಯ ನೆನಪಾಯಿತು. ನೀವು ಮಗ್ಗಿ ಕೇಳುವಾಗ ಉತ್ತರ ಸರಿಯಿದ್ದರೆ ಮುಂದಿನ ಬೆಂಚಿಗೆ ಹೋಗುತ್ತಿದ್ದಿರಿ. ತಪ್ಪಿದ್ದರೆ ತಪ್ಪು ಎಂದು ಒಮ್ಮೆಯೂ ಹೇಳಿದವರಲ್ಲ, ಬೈದವರಲ್ಲ. ಅದೇ ಪ್ರಶ್ನೆಯನ್ನು ಎರಡನೇ ಸಲ, ಇನ್ನೂ ಮೆತ್ತಗೆ ಕೇಳುತ್ತಿದ್ದಿರಿ. ಆಗ ನಾವು ಬೇರೆ ಉತ್ತರ ಹುಡುಕುತ್ತಿದ್ದೆವು. ಸರಿ ಉತ್ತರ ಬಂದಾಗ ನಿಮ್ಮ ಮುಖ ಅರಳುತ್ತಿತ್ತು. ಆ ಮುಖಕ್ಕಾಗಿ ನಾವು ಏನು ಬೇಕಾದರೂ ಹೇಳುತ್ತಿದ್ದೆವು, ಟೀಚರ್. ನಿಮ್ಮನ್ನು ಕಂಡರೆ ನಮಗೆ ಅಷ್ಟು ಇಷ್ಟ.

ಶೆಡ್ ನೋಡಿಬಂದ ಮೇಲೆ ನನ್ನ ನೆನಪಿನ ಕೋಣೆ ಬದಲಾಗುತ್ತಿದೆ. ಮೊದಲು ಅದಕ್ಕೆ ಸೂರೇ ಇರಲಿಲ್ಲ. ಈಗ ಮೇಲೆ ನೋಡಿದರೆ ಮರದ ಹಲಗೆ ಕಾಣುತ್ತದೆ. ಕಾಯಿಸಿದ ಹಾಲಿನ ವಾಸನೆ ಬರುತ್ತದೆ. ಪಕ್ಕದಲ್ಲಿ ತಟ್ಟೆ, ತಟ್ಟೆಯಲ್ಲಿ ಎರಡು ಬಿಸ್ಕತ್ತು. ನನಗೆ ಹೆದರಿಕೆಯಾಗುತ್ತಿದೆ. ಅಂಥ ಜಾಗದಲ್ಲಿ ಯಾರಾದರೂ ಬಿಸ್ಕತ್ತು ಕೊಡುತ್ತಾರಾ?

ನನ್ನನ್ನು ಎಷ್ಟು ಸಲ ಕೇಳಿದಿರಿ?

ಲಿಖಿತಾ

*

ಶಿರಂಗಾಲ
4 ಆಗಸ್ಟ್ 2025

ಲಿಖಿತಾ ಅಕ್ಕನಿಗೆ,

ನಾನು ಹರ್ಷಿತಾ, ಹುಚ್ಚಮ್ಮನ ಮಗಳು. ಅಮ್ಮನಿಗೆ ಬರೆಯಲು ಬಾರದು. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ.

ಶೆಡ್ ನೋಡ್ದೆ ಅಂತ ಕಾಗ್ದ ಬರ್ದಿದ್ಯಲ್ಲವ್ವ, ನಿನ್ ಹೊಟ್ಟೆ ತಣ್ಣಗಿರ್ಲಿ. ನಿನ್ ಮ್ಯಾಲೆ ನಂಗೆ ಸಿಟ್ಟು ಇತ್ತು, ಇಲ್ಲ ಅನ್ನಾಕಿಲ್ಲ. ನಿನ್ ಹೆಸ್ರು ಹೇಳಿ ಮಣ್ಣು ತೂರಿದ್ದೀನಿ. ಗೇಟ್ತಾವ ನಿನ್ನ ನೋಡಿದ್ಮ್ಯಾಲೆ ಆಗ್ನಿಲ್ಲ. ನಮ್ ಹರ್ಷಿತನ ಹಂಗೇ ಇದ್ದೀಯ.

ಹೋದ ವಾರ ಮೈಸೂರು ಜೈಲಿಗೆ ಹೋಗಿದ್ದೆ. ಮೊದ್ಲೆಲ್ಲ ಹೋದ್ರೆ ಅವ್ನು ಜಿಗಣೆ ಜಿಗಣೆ ಅಂತ ಅದ್ನೇ ಹೇಳೋನು. ಪೊಲೀಸ್ರು ಕೇಳ್ದಾಗ್ಲೂ ಅದೇ, ಜಡ್ಜ್ ಕೇಳ್ದಾಗ್ಲೂ ಅದೇ. ಎರಡು ವರ್ಸದಿಂದ ಆ ಮಾತೇ ಎತ್ತಾಕಿಲ್ಲ. ಈ ಸಲ ನಾನೇ ಅಂದೆ, ಜಿಗಣೆ ಇತ್ತಲ್ಲೋ ಸಣ್ಣ, ಅಪೀಲಿಗೆ ಅದ್ನ ಗಟ್ಟಿಯಾಗಿ ಹೇಳ್ಬೇಕು ಕಣೋ ಅಂತ. ಆಮ್ಯಾಕೆ ಕೇಳ್ತಾನೆ, "ಅಕ್ಕ, ನಮ್ ಶೆಡ್ನಾಗೆ ಗ್ವಾಡೆ ಮ್ಯಾಲೆ ತಲೆ ಇತ್ತಾ?"

ಇಲ್ಲ ಕಣೋ, ಎಲ್ಲಿತ್ತೋ, ಅಂದೆ.

"ನಂಗೆ ಕಾಣ್ತದೆ ಅಕ್ಕ. ಒಂದೇ ಕಣ್ಣು. ಕಣ್ಮುಚ್ಚುದ್ರೆ ಅದೇ ನೋಡ್ತದೆ. ಅಷ್ಟು ಜನ ಓದ್ದೋರು ಇತ್ತು ಅಂದ್ರಲ್ಲ, ಇದ್ದಿರ್ಬೇಕು. ನಾನೇ ಮರ್ತಿರ್ಬೇಕು. ತಲೆ ಮರ್ತೋನು ಇನ್ನೇನೇನು ಮರ್ತಿದ್ದೀನೋ" ಅಂದ.

ಹನ್ನೊಂದು ವರ್ಸ ಜೈಲ್ನಾಗಿದ್ರೂ ನಾನು ಹೆದ್ರಿರ್ನಿಲ್ಲ. ಅವತ್ತು ಹೆದ್ರಿಬಿಟ್ಟೆ ಕಣವ್ವ. ಅವ್ನೇ ಹೂಂ ಮಾಡ್ದೆ ಅಂದ್ಬಿಟ್ರೆ ಅಪೀಲು ಯಾರ್ಗೆ? ನಿಂಗೆ ಏನಾರ ಗೊತ್ತಾದ್ರೆ ಬೇಗ ಹೇಳು.

ಇಷ್ಟು ಅಮ್ಮನ ಮಾತು. ಮಾವನ ಮುಖ ನನಗೆ ಫೋಟೋದಲ್ಲಿ ಮಾತ್ರ ಗೊತ್ತು, ಅಕ್ಕ.

ಹರ್ಷಿತಾ

*

ಮೂರ್ನಾಡು
11 ಆಗಸ್ಟ್ 2025

ಟೀಚರ್,

ನನ್ನ ಹೋದ ತಿಂಗಳ ಕಾಗದಕ್ಕೆ ನೀವು ಉತ್ತರ ಬರೆಯಲಿಲ್ಲ. ಹುಚ್ಚಮ್ಮನವರ ಕಾಗದದ ಜೆರಾಕ್ಸ್ ಇದರೊಳಗಿದೆ, ಓದಿ. ಅದೇ ತಲೆಯನ್ನು ಸಣ್ಣಸ್ವಾಮಿಯವರೂ ನೋಡುತ್ತಿದ್ದಾರೆ.

ನಾನು ಎರಡನೇ ಸಲ ಏನನ್ನೂ ಕೇಳುವುದಿಲ್ಲ.

ಲಿಖಿತಾ

*

ಸಿದ್ದಾಪುರ
30 ಆಗಸ್ಟ್ 2025

ಲಿಖಿತಾ,

ಕೈಲುಮುಹೂರ್ತದ ಆಯುಧಪೂಜೆಗೆ ಕೋವಿ ಒರೆಸಿ ಇಡಬೇಕಲ್ಲ, ಅದನ್ನು ತೆಗೆಯಲೆಂದು ಅಟ್ಟ ಹತ್ತಿದೆ. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಹತ್ತಿದ್ದು ಗೋಣಿಚೀಲಕ್ಕಾಗಿ. ಹನ್ನೊಂದು ವರ್ಷದಿಂದ ಅದರ ಪಕ್ಕದಲ್ಲೇ ಓಡಾಡಿದ್ದೇನೆ, ಮುಟ್ಟಿರಲಿಲ್ಲ. ಬಿಚ್ಚಿದೆ. ಇಲಿ ಒಂದು ಕಿವಿ ತಿಂದಿದೆ. ಉಳಿದಿದ್ದ ಒಂದು ಕಣ್ಣು ಹಾಗೇ ಇದೆ.

ನಾನು ನಿನಗೆ ಸುಳ್ಳು ಬರೆದೆ. ಬರೆದುಕೊಳ್ಳದೆ ನಾನು ಯಾವತ್ತಾದರೂ ಯಾರನ್ನಾದರೂ ಕೇಳಿದ್ದುಂಟಾ? ಒಂದು ನೋಟ್ ಪುಸ್ತಕವಿದೆ. ಎಡಕ್ಕೆ ಪ್ರಶ್ನೆ, ಬಲಕ್ಕೆ ನಿನ್ನ ಉತ್ತರ, ಪಕ್ಕದಲ್ಲಿ ಕೆಂಪು ಶಾಯಿ. ಸರಿ, ತಪ್ಪು. ಮೂವತ್ತು ವರ್ಷದ ಅಭ್ಯಾಸ, ಕೈ ತಾನಾಗಿಯೇ ಹಾಕಿತು. ಅಂಥ ವಿಷಯದಲ್ಲೂ ತಿದ್ದುತ್ತಾ ಕೂತಿದ್ದೆ ನೋಡು, ನನಗೆ ಏನು ಬಂದಿತ್ತು!

ಯಾಕೆ ಹಾಗೆ ಮಾಡಿದೆನೆಂದು ಹೇಳಲೇಬೇಕು. ನಿನಗಿಂತ ಮೊದಲು ಚಂದನಾ ಎಂಬ ಹುಡುಗಿ ನನ್ನ ಕ್ಲಾಸಿನಲ್ಲಿದ್ದಳು. ಅವಳ ಚಿಕ್ಕಪ್ಪನ ಬಗ್ಗೆ ಏನೋ ಹೇಳಲು ಬಂದಳು. ದೊಡ್ಡವರ ಮೇಲೆ ಸುಳ್ಳು ಹೇಳಬಾರದು ಎಂದು ಕಳಿಸಿಬಿಟ್ಟೆ. ಅವಳು ಹೇಳಿದ್ದು ನಿಜವಾಗಿತ್ತು. ಅವಳು ಮತ್ತೆ ಯಾರಿಗೂ ಏನೂ ಹೇಳಲಿಲ್ಲ, ಮುಂದಿನದು ಬರೆಯಲು ನನ್ನಿಂದಾಗದು. ಹಾಗಾಗಿ ನಿನ್ನ ಅಮ್ಮ ರಕ್ತದ ಸಾಕ್ಸು ಹಿಡಿದು ಬಂದಾಗ ನಾನು ನಿಶ್ಚಯಿಸಿಕೊಂಡೆ, ಈ ಮಗುವನ್ನು ಮಾತ್ರ ನಾನು ನಂಬಬೇಕು ಎಂದು. ಆದರೆ ನಂಬಲಿಲ್ಲ. ನೀನು ಇಲ್ಲ ಎಂದಾಗ ನಂಬಲಿಲ್ಲ. ಹೂಂ ಅನ್ನುವವರೆಗೆ ಕೇಳಿದೆ. ಆರು ಸಂಜೆ ಕೇಳಿದೆ. ಒಂದು ಪ್ರಶ್ನೆಯನ್ನು ಹದಿನಾಲ್ಕು ಸಲ ಕೇಳಿದ್ದೇನೆ, ಮೊನ್ನೆ ಎಣಿಸಿದೆ.

ನಾಲ್ಕನೇ ಸಂಜೆ ಕೇಳಿದೆ, ಅಲ್ಲಿ ಗೋಡೆಯ ಮೇಲೆ ಏನಿತ್ತು ಮಗೂ? ಇತ್ತೋ ಇಲ್ಲವೋ ಎಂದು ಕೇಳಲಿಲ್ಲ, ಏನಿತ್ತು ಎಂದೆ. ನೀನು ತಲೆ ಎತ್ತಿ, ಒಂದು ಕಣ್ಣಿನ ಪ್ರಾಣಿ ಎಂದೆ. ನಾನು ಸರಿ ಎಂದು ಗುರುತು ಹಾಕಿದೆ. ಹಿಂದೆ ತಿರುಗಿ ನೋಡಲಿಲ್ಲ. ನಮ್ಮ ಮಾವನವರು ಹೊಡೆದ ಕಡವೆಯ ತಲೆ ನನ್ನ ಕುರ್ಚಿಯ ಹಿಂದೆಯೇ ಇತ್ತು. ಮದುವೆಯಾಗಿ ಬಂದ ದಿನದಿಂದ ಅಲ್ಲೇ ಇದ್ದದ್ದು ನನ್ನ ಕಣ್ಣಿಗೆ ಬೀಳುವುದನ್ನೇ ಬಿಟ್ಟಿತ್ತು.

ಮಗುವಿನ ಹೇಳಿಕೆಯನ್ನು ಠಾಣೆಯಲ್ಲಿ ಬರೆಸಬಾರದು, ನಿಮ್ಮ ಮನೆಗೇ ಬರುತ್ತೇವೆ ಎಂದರು ಪೊಲೀಸರು. ಸೋಮಯ್ಯನಿಗೆ ಗಾಬರಿ. "ಪೇಪರ್ ಇಲ್ಲದ ತಲೆ, ಪೊಲೀಸರು ನೋಡಿದ್ರೆ ಫಾರೆಸ್ಟಿನವರಿಗೆ ಹೇಳ್ತಾರೆ, ಮೊದಲು ಅದನ್ನ ಇಳಿಸು" ಎಂದರು. ನಾನು ಏಣಿ ಹಿಡಿದೆ, ಅವರು ಇಳಿಸಿ ಗೋಣಿಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದರು. ಕೊಡಗಿನಲ್ಲಿ ಎಷ್ಟು ಮನೆಯಲ್ಲಿ ಹೀಗೆ ಇಳಿಸಿಲ್ಲ? ಮಾರನೇ ದಿನ ಮಹಿಳಾ ಇನ್‌ಸ್ಪೆಕ್ಟರ್ ಬಂದು ಕೂತರು. ನೀನು ಎಂದಿನಂತೆ ನನ್ನೆದುರಿನ ಕುರ್ಚಿಯಲ್ಲಿ ಕೂತು, ಒಂದು ಕಣ್ಣಿನ ತಲೆ ನೋಡುತ್ತಿತ್ತು ಎಂದೆ. ಹೇಳುತ್ತಾ ಗೋಡೆ ನೋಡಿದೆ. ಅಲ್ಲಿ ಬರೀ ಮೊಳೆ ಇತ್ತು. ಆಗ ನಿನ್ನ ಮುಖದಲ್ಲಿ ಬಂದ ಗೊಂದಲವನ್ನು ನೋಡಿದವಳು ನಾನೊಬ್ಬಳೇ. ಆ ಕ್ಷಣ ನನಗೆ ಗೊತ್ತಾಯಿತು, ಲಿಖಿತಾ. ಹಾಲು ತರುತ್ತೇನೆಂದು ಎದ್ದು ಒಳಗೆ ಹೋದೆ.

ಮೊದಲು ಫಾರೆಸ್ಟಿನವರ ಭಯ. ಆಮೇಲೆ, ಮಗು ಗೋಡೆ ತಪ್ಪು ಹೇಳಿದರೇನಂತೆ, ಉಳಿದದ್ದು ನಿಜವಿರಬಹುದು ಎಂದುಕೊಂಡೆ. ಆಮೇಲೆ ಕೋರ್ಟಿನಲ್ಲಿ ಪ್ರಮಾಣ ಮಾಡಿ, ಮಗು ತಾನಾಗಿ ಹೇಳಿತು ಎಂದುಬಿಟ್ಟೆ. ಅದಾದ ಮೇಲೆ ಸುಮ್ಮನಿರುವುದು ಸುಲಭವಾಯಿತು.

ಪುಸ್ತಕದ ಮೊದಲ ಪುಟದಲ್ಲಿ ಏನಿದೆಯೆಂದು ಇಲ್ಲಿ ಬರೆಯುವುದಿಲ್ಲ. ನಾನು ಬರೆದರೆ ಅದೂ ನಾನು ಹೇಳಿಕೊಟ್ಟದ್ದಾಗುತ್ತದೆ. ನೀನೇ ಬಂದು ನಿನ್ನ ಕಣ್ಣಿನಿಂದ ಓದು. ಅವರ ವಕೀಲರನ್ನೂ ಕರೆದುಕೊಂಡು ಬಾ. ತಲೆಯನ್ನು ಮತ್ತೆ ಅದೇ ಮೊಳೆಗೆ ತೂಗುಹಾಕಿಸಿದ್ದೇನೆ. ಫಾರೆಸ್ಟಿನವರು ಬಂದರೆ ಬರಲಿ.

ಮುತ್ತಮ್ಮ

*

ಮೂರ್ನಾಡು
17 ಸೆಪ್ಟೆಂಬರ್ 2025

ಸಣ್ಣಸ್ವಾಮಿಯವರಿಗೆ,

ಜೀಪಿನಲ್ಲಿ ನಾವೆಲ್ಲ ನಿಮ್ಮನ್ನು ಮಾಮ ಅನ್ನುತ್ತಿದ್ದೆವಂತೆ. ಈಗ ಹಾಗೆ ಬರೆಯಲು ನನ್ನ ಕೈ ಬರುತ್ತಿಲ್ಲ, ತಪ್ಪು ತಿಳಿಯಬೇಡಿ. ಈ ಕಾಗದವನ್ನು ನಿಮ್ಮ ವಕೀಲರು ಕೊಟ್ಟು ಓದಿ ಹೇಳುತ್ತಾರೆ. ನಾನು ಲಿಖಿತಾ.

ಕಳೆದ ವಾರ ಮುತ್ತಮ್ಮ ಟೀಚರ ಮನೆಗೆ ಹೋಗಿದ್ದೆ. ವಕೀಲರೂ ಅಮ್ಮನೂ ಜೊತೆಗಿದ್ದರು. ಹೆಂಚಿನ ಮನೆ, ಮರದ ಹಲಗೆಯ ಮುಚ್ಚಿಗೆ, ಹೊರಗೆ ಮಳೆ. ನನ್ನನ್ನು ಅದೇ ಕುರ್ಚಿಯಲ್ಲಿ ಕೂರಿಸಿದರು. ನನ್ನ ಕಾಲು ಈಗ ನೆಲ ಮುಟ್ಟುತ್ತದೆ. ಟೀಚರ್ ಏನೂ ಮಾತಾಡದೆ ಗಡಿಯಾರಕ್ಕೆ ಕೀಲಿ ಕೊಟ್ಟರು. ಅದರ ಸದ್ದು ಅವರಿಗೆ ಕೇಳುವುದಿಲ್ಲ, ನನ್ನ ಮುಖ ನೋಡಿ ಅದು ಹೊರಟಿತೆಂದು ತಿಳಿದುಕೊಂಡರು. ಒಳಗಿನಿಂದ ಹಾಲಿನ ವಾಸನೆ ಬಂತು. ತಲೆ ಎತ್ತಿ ನೋಡಿದೆ. ಅದು ನನ್ನನ್ನೇ ನೋಡುತ್ತಿತ್ತು. ಹನ್ನೊಂದು ವರ್ಷದಿಂದ ನಾನು ಹೆದರುತ್ತಾ ಬಂದ ಜಾಗ ಅದೇ. ನಿಮ್ಮೊಬ್ಬರನ್ನು ಬಿಟ್ಟು ಎಲ್ಲವೂ ಅಲ್ಲಿತ್ತು.

ಅಮ್ಮ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ನೋಟ್ ಪುಸ್ತಕ ವಕೀಲರ ಹತ್ತಿರವಿದೆ. ಟೀಚರ್ ಅಫಿಡವಿಟ್ಟಿಗೆ ಸಹಿ ಹಾಕಿದರು, ನಾನೂ ಹಾಕಿದೆ. ವಿಚಾರಣೆ ಮುಂದಕ್ಕೆ ಹೋಗಿದೆ, ಇನ್ನು ದಸರಾ ರಜೆ ಮುಗಿದ ಮೇಲೆ. ಕೋರ್ಟು ಏನು ಹೇಳುತ್ತದೋ ನನಗೆ ಗೊತ್ತಿಲ್ಲ.

ಒಂದು ಮಾತು ನಿಮಗೆ ಮುಚ್ಚಿಡಲಾರೆ. ಅದು ನಡೆದಿಲ್ಲವೆಂದು ನನಗೀಗ ಗೊತ್ತು. ಆದರೂ ಕಣ್ಣು ಮುಚ್ಚಿದರೆ ನಿಮ್ಮ ಮುಖವೇ ಬರುತ್ತದೆ, ಈಗಲೂ ಹೆದರಿಕೆಯಾಗುತ್ತದೆ. ಜಿಗಣೆ ಮಾತ್ರ ಎಷ್ಟು ಹುಡುಕಿದರೂ ನೆನಪಿಗೆ ಬರುವುದಿಲ್ಲ. ನಡೆದದ್ದು ಹೋಗಿಬಿಟ್ಟಿದೆ, ನಡೆಯದ್ದು ಉಳಿದಿದೆ, ನಾನು ಸಾಯುವವರೆಗೂ ಇರುತ್ತದೇನೋ. ಅದಕ್ಕೇ ನಿಮ್ಮ ಮುಂದೆ ಬಂದು ಕ್ಷಮೆ ಕೇಳುವ ಧೈರ್ಯ ಇನ್ನೂ ಬಂದಿಲ್ಲ. ಬರುವವರೆಗೆ ಕಾಯುತ್ತೀರಾ?

ನಿಮ್ಮ ಶೆಡ್ಡಿನಲ್ಲಿ ಯಾವ ತಲೆಯೂ ಇರಲಿಲ್ಲ. ನೀವು ಏನನ್ನೂ ಮರೆತಿಲ್ಲ. ನನ್ನ ಮಾತು ಬೇಡ, ನಾನು ಈಗ ಹೇಳುವುದನ್ನು ನಾನೇ ನಂಬುವುದಿಲ್ಲ. ಪುಸ್ತಕದ ಮೊದಲ ಪುಟದ ಜೆರಾಕ್ಸ್ ಇಟ್ಟಿದ್ದೇನೆ. ಜೆರಾಕ್ಸಿನಲ್ಲಿ ಕೆಂಪು ಶಾಯಿ ಕಪ್ಪಾಗಿ ಬಂದಿದೆ, ಕೊನೆಯಲ್ಲಿರುವ ಆ ಅಡ್ಡಗೆರೆ ತಪ್ಪು ಎಂಬ ಗುರುತು. ಅದನ್ನು ನೋಡಬೇಡಿ. ಬರೆದದ್ದನ್ನು ಮಾತ್ರ ಓದಿಸಿಕೊಳ್ಳಿ, ದಿನಾ ಓದಿಸಿಕೊಳ್ಳಿ.

ಲಿಖಿತಾ

*

ಸೋಮವಾರ, ಸಂಜೆ 4.30
ಲಿಖಿತಾ, ಎರಡನೇ ತರಗತಿ

ಪ್ರಶ್ನೆ: ಸಾಕ್ಸಿಗೆ ರಕ್ತ ಹೇಗಾಯಿತು ಮಗೂ?

ಉತ್ತರ: ಜಿಗಣೆ ಕಚ್ಚಿತು. ನಾನು ಜೋರಾಗಿ ಅತ್ತೆ. ಜೀಪಿನ ಮಾಮ ಶೆಡ್ಡಿನಿಂದ ಉಪ್ಪು ತಂದು ಹಾಕಿದರು. ಅದು ಬಿತ್ತು. ಎಲ್ಲ ಮಕ್ಕಳೂ ನಗಾಡಿದರು, ಅದಕ್ಕೇ ನಾನು ಇನ್ನು ಜೀಪಿನಲ್ಲಿ ಹೋಗುವುದಿಲ್ಲ. ಮಾಮ ನಗಾಡಲಿಲ್ಲ.